ನೊರೆ ಬರುತ್ತೆ, ಆದ್ರೆ ನಿಲ್ಲಲ್ಲ: ಬ್ರಷ್ ಶೇವಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಷ್ ಹಿಡಿದು ಶೇವ್ ಮಾಡಿಕೊಳ್ಳಲು ಶುರುಮಾಡಿ ಹದಿನೈದು ವರ್ಷ ದಾಟಿತು. ಈ ಹುಚ್ಚು ನನಗಿದೆ ಅಂತ ಗೊತ್ತಾದ ಮೇಲೆ ಆಫೀಸಿನ ಊಟದ ಹೊತ್ತಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಭಾವಮೈದುನನ ಫೋನಿನಲ್ಲಿ ಅವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಒಂದು ಕಡೆ ಬರೆದಿಟ್ಟರೆ ಇನ್ನು ಮೇಲೆ ಇದನ್ನೇ ಕಳಿಸಬಹುದು ಅನ್ನಿಸಿತು. ರೇಜರ್, ಬ್ಲೇಡ್ ವಿಷಯಕ್ಕೆ ಇಲ್ಲಿ ಹೆಚ್ಚು ಹೋಗಿಲ್ಲ. ನೊರೆಯದ್ದೇ ಮಾತು.

ನೊರೆ ಯಾಕೆ ಬೇಕು? ಮುಖ ಒದ್ದೆ ಮಾಡಿ ಎಳೆದರೆ ಆಗಲ್ವಾ?

ಒಣಗಿದ ಗಡ್ಡದ ಕೂದಲು ಸಣ್ಣ ತಂತಿಯ ಹಾಗೆ ಗಡುಸು. ಅದೇ ಕೂದಲು ಎರಡು ಮೂರು ನಿಮಿಷ ನೀರು ಕುಡಿದರೆ ಮೆತ್ತಗಾಗುತ್ತದೆ, ಬ್ಲೇಡಿಗೆ ಸಲೀಸಾಗಿ ಸಿಗುತ್ತದೆ. ತೊಂದರೆ ಏನೆಂದರೆ ಬರೀ ನೀರು ಮುಖದ ಮೇಲೆ ನಿಲ್ಲುವುದಿಲ್ಲ. ಕುತ್ತಿಗೆಗೆ ಇಳಿದುಹೋಗುತ್ತದೆ, ಇಲ್ಲವೇ ಆರಿಹೋಗುತ್ತದೆ. ನೊರೆಯ ಮೊದಲ ಕೆಲಸ ನೀರನ್ನು ಕೆನ್ನೆಯ ಮೇಲೆ ಹಿಡಿದು ಕೂರಿಸುವುದು. ಎರಡನೇ ಕೆಲಸ, ಬ್ಲೇಡಿಗೂ ಚರ್ಮಕ್ಕೂ ನಡುವೆ ಜಾರುವ ಪದರವೊಂದನ್ನು ಕೊಡುವುದು.

ಹಾಗಾಗಿ ಬೆಳ್ಳಗೆ ಎತ್ತರಕ್ಕೆ ಎದ್ದು ನಿಂತ ನೊರೆ ನೋಡಿ ಮೋಸ ಹೋಗಬೇಡಿ. ಅದರೊಳಗೆ ನೀರು ಎಷ್ಟಿದೆ, ಸೋಪು ಎಷ್ಟಿದೆ ಅನ್ನುವುದೇ ಲೆಕ್ಕ. ಅಂಟುವಾಳ ನೆನೆಹಾಕಿ ಕಿವುಚಿದರೂ ಬುರುಬುರು ನೊರೆ ಬರುತ್ತದೆ. ಅದು ಮುಖದ ಮೇಲೆ ನಿಲ್ಲುತ್ತದೆಯೇ?

ಒಳ್ಳೆಯ ನೊರೆ ನೋಡೋಕೆ ಹೇಗಿರುತ್ತೆ?

ಅದರಲ್ಲಿ ಗುಳ್ಳೆ ಕಣ್ಣಿಗೆ ಕಾಣಬಾರದು. ಪಾತ್ರೆ ತೊಳೆಯುವಾಗ ಬರುವ ನೊರೆಯಲ್ಲಿ ಗುಳ್ಳೆ ಎಣಿಸಬಹುದು. ಅದು ಬೇಡ. ಗಟ್ಟಿ ಮೊಸರನ್ನು ಚಮಚದಲ್ಲಿ ಚೆನ್ನಾಗಿ ಕಲಕಿದಾಗ ನುಣ್ಣಗಾಗುತ್ತದಲ್ಲ, ಹಾಗಿರಬೇಕು. ಮೇಲೆ ಒಂದು ಮಿರುಗು ಇರಬೇಕು. ಮಿರುಗಿದರೆ ನೀರು ಸಾಕಷ್ಟಿದೆ ಎಂದು ಅರ್ಥ. ಸುಣ್ಣ ಬಳಿದ ಗೋಡೆಯ ಹಾಗೆ ಮಂಕಾಗಿ ಕಂಡರೆ ನೀರು ಸಾಲದು. ಬ್ರಷ್ ಮೇಲೆತ್ತಿದಾಗ ನೊರೆಯ ತುದಿ ನಿಂತು, ಆಮೇಲೆ ಸ್ವಲ್ಪ ಬಾಗಬೇಕು.

ಕಣ್ಣಿಗಿಂತ ಬೆರಳನ್ನೇ ನಂಬಿ. ಚಿಟಿಕೆ ನೊರೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಉಜ್ಜಿ ನೋಡಿ. ಗಟ್ಟಿಯಾಗಿ ಒತ್ತಿದರೂ ಬೆರಳು ಜಾರುತ್ತಿದ್ದರೆ ಸರಿ. ಅಂಟಂಟು ಅನ್ನಿಸಿದರೆ ಇನ್ನಷ್ಟು ನೀರು ಬೇಕು. ಕೂಡಲೇ ನೀರಾಗಿ ಮಾಯವಾದರೆ ಸೋಪು ಸಾಲದು.

ಹೊಸಬರು ಹೇಗೆ ಶುರು ಮಾಡಬೇಕು? ಮೊದಲಿಂದ ಹೇಳಿ.

ಸ್ನಾನ ಆದಮೇಲೆ ಮಾಡಿ. ಗಡ್ಡ ಆಗಲೇ ನೆಂದಿರುತ್ತದೆ. ಮನೆಯಲ್ಲಿ ಶೇವ್ ಆದಮೇಲೇ ಸ್ನಾನ ಅನ್ನುವ ಕಟ್ಟುನಿಟ್ಟು ಇದ್ದರೆ, ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲನ್ನು ಎರಡು ನಿಮಿಷ ಮುಖಕ್ಕೆ ಒತ್ತಿಕೊಳ್ಳಿ. ಬರೀ ಬೆಚ್ಚನೆಯ ನೀರು ಎರಚಿಕೊಂಡರೂ ನಡೆಯುತ್ತದೆ, ಎರಡು ನಿಮಿಷ ಮಾತ್ರ ಬಿಡಬೇಡಿ.

ಬ್ರಷ್ಷನ್ನು ಬೆಚ್ಚನೆಯ ನೀರಲ್ಲಿ ಅದ್ದಿ ತೆಗೆಯಿರಿ. ಹೊಸಬರು ಎಡವುವುದು ಇಲ್ಲೇ. ನೀರು ಸೋರುತ್ತಿರುವ ಬ್ರಷ್ಷನ್ನೇ ನೇರ ಸೋಪಿಗೆ ಹಾಕುತ್ತಾರೆ. ಹಾಗೆ ಮಾಡಬೇಡಿ. ಮೆಲ್ಲಗೆ ಹಿಂಡಿ, ಒಂದೆರಡು ಸಲ ಕೊಡವಿ. ಬ್ರಷ್ ಒದ್ದೆ ಇರಬೇಕು, ತೊಟ್ಟಿಕ್ಕಬಾರದು.

ಟ್ಯೂಬಿನ ಕ್ರೀಮಾದರೆ ಒಂದು ಬಾದಾಮಿಯಷ್ಟು ಸಾಕು. ಟಿವಿ ಜಾಹೀರಾತಿನಲ್ಲಿ ತೋರಿಸುವ ಹಾಗೆ ಉದ್ದಕ್ಕೆ ಹಿಂಡಬೇಕಿಲ್ಲ. ಗಟ್ಟಿ ಶೇವಿಂಗ್ ಸೋಪಾದರೆ ಅದರ ಮೇಲೆ ಬ್ರಷ್ಷನ್ನು ಪೂರಾ 30 ಸೆಕೆಂಡು ತಿರುಗಿಸಿ. 30 ಸೆಕೆಂಡು ನಾವಂದುಕೊಂಡಿದ್ದಕ್ಕಿಂತ ಬಹಳ ಉದ್ದ. ಮನಸ್ಸಿನಲ್ಲಿ ಎಣಿಸಿ. ಬ್ರಷ್ಷಿನ ತುದಿಗೆ ಹಿಟ್ಟಿನಂಥ ದಪ್ಪ ಲೇಪ ಹತ್ತಬೇಕು. ನೊರೆ ಇನ್ನೂ ಬಂದಿಲ್ಲವಲ್ಲ ಅಂತ ಗಾಬರಿ ಬೇಡ, ಇಲ್ಲಿ ನೊರೆ ಬರಬಾರದು.

ಈಗ ಬಟ್ಟಲಲ್ಲಿ ತಿರುಗಿಸಲು ಶುರುಮಾಡಿ. ಮನೆಯಲ್ಲಿ ಉದ್ದಿನವಡೆಗೆ ಹಿಟ್ಟು ರುಬ್ಬುವುದನ್ನು ನೋಡಿದ್ದೀರಾ? ಯಾರೂ ಒಂದೇ ಸಲ ನೀರು ಸುರಿಯಲ್ಲ. ಚಿಮುಕಿಸುತ್ತಾರೆ, ರುಬ್ಬುತ್ತಾರೆ, ಮತ್ತೆ ಚಿಮುಕಿಸುತ್ತಾರೆ. ಹಿಟ್ಟು ಗಾಳಿ ಹಿಡಿದು ಹಗುರಾಗುತ್ತದೆ. ಒಮ್ಮೆ ನೀರು ಜಾಸ್ತಿಯಾದರೆ ಮುಗಿಯಿತು, ವಡೆ ಎಣ್ಣೆ ಕುಡಿಯುತ್ತದೆ. ಇಲ್ಲೂ ಅದೇ ಕೈಗುಣ. ಬೆರಳು ಅದ್ದಿ ಐದಾರು ಹನಿ ಹಾಕಿ, ಹತ್ತು ಹದಿನೈದು ಸೆಕೆಂಡು ತಿರುಗಿಸಿ. ನೀರು ಪೂರ್ತಿ ಒಳಗೆ ಸೇರಿದ ಮೇಲೆ ಮತ್ತೆ ಐದಾರು ಹನಿ. ಹೀಗೆ ಐದಾರು ಸಲ. ಬ್ರಷ್ಷಿನಲ್ಲಿದ್ದದ್ದೂ ಸೇರಿ ಒಟ್ಟು ಹಿಡಿಯುವ ನೀರು ಒಂದೆರಡು ಚಮಚ, ಸಮಯ ಎರಡು ನಿಮಿಷ.

ಎಡಕ್ಕೆ ತಿರುಗಿಸಬೇಕಾ ಬಲಕ್ಕಾ ಅಂತಲೂ ಒಬ್ಬರು ಕೇಳಿದ್ದರು. ನಿಮ್ಮಿಷ್ಟ.

ನೊರೆ ಚೆನ್ನಾಗೇ ಬರುತ್ತೆ, ಆದರೆ ಒಂದು ಕೆನ್ನೆ ಮುಗಿಸೋಷ್ಟರಲ್ಲಿ ಇನ್ನೊಂದು ಕೆನ್ನೇಲಿ ಇಳಿದುಹೋಗಿರುತ್ತೆ. ಯಾಕೆ?

ಹೆಚ್ಚಿನ ಸಲ ಕಾರಣ ಒಂದೇ, ಸೋಪು ಕಡಿಮೆ. ಗುಳ್ಳೆಗಳ ನಡುವಿನ ತೆಳ್ಳನೆಯ ಗೋಡೆಗಳಲ್ಲಿ ನೀರಿರುತ್ತದೆ. ಆ ನೀರು ಸದಾ ಕೆಳಕ್ಕೆ ಇಳಿಯುತ್ತಿರುತ್ತದೆ. ಗೋಡೆ ತೆಳುವಾದಾಗ ಗುಳ್ಳೆ ಒಡೆಯುತ್ತದೆ. ಸೋಪು ಜಾಸ್ತಿ ಇದ್ದರೆ ಗೋಡೆ ಗಟ್ಟಿ, ನೀರು ಇಳಿಯುವುದು ನಿಧಾನ. ಗುಳ್ಳೆ ಸಣ್ಣದಿದ್ದಷ್ಟೂ ಇನ್ನೂ ನಿಧಾನ. ಇನ್ನೊಂದು ಸಂಗತಿಯೂ ಇದೆ. ಸಣ್ಣ ಗುಳ್ಳೆಯ ಒಳಗೆ ಒತ್ತಡ ಜಾಸ್ತಿ. ಹಾಗಾಗಿ ಅದರ ಗಾಳಿ ಪಕ್ಕದ ದೊಡ್ಡ ಗುಳ್ಳೆಗೆ ನುಸುಳಿ ಹೋಗುತ್ತದೆ. ದೊಡ್ಡದು ಇನ್ನೂ ದೊಡ್ಡದಾಗುತ್ತದೆ, ಸಣ್ಣದು ಕಾಣೆಯಾಗುತ್ತದೆ. ಎಲ್ಲ ಗುಳ್ಳೆಯೂ ಒಂದೇ ಸಮ ಸಣ್ಣದಿದ್ದರೆ ಈ ಕಿತ್ತಾಟ ಕಡಿಮೆ. ಎರಡು ನಿಮಿಷ ತಿರುಗಿಸಿ ಅನ್ನುವುದು ಇದಕ್ಕೇ. ಬ್ರಷ್ಷಿನ ಕೂದಲು ದೊಡ್ಡ ಗುಳ್ಳೆಗಳನ್ನು ಸೀಳಿ ಸೀಳಿ ಸಣ್ಣದು ಮಾಡುತ್ತದೆ.

ನಾಳೆ ಹೀಗೆ ಮಾಡಿ ನೋಡಿ: ಸೋಪು ಇವತ್ತಿನ ಎರಡರಷ್ಟು, ನೀರು ಅರ್ಧ. ಆಮೇಲೆ ಹನಿ ಹನಿ ಸೇರಿಸಿ. ಇದಕ್ಕೂ ಬಗ್ಗದಿದ್ದರೆ ಮುಂದಿನ ಪ್ರಶ್ನೆ ಓದಿ.

ಏನೇ ಮಾಡಿದರೂ ನೊರೆ ನಿಲ್ಲಲ್ಲ. ಸೋಪು ಬದಲಾಯಿಸಿದೆ, ಬ್ರಷ್ ಬದಲಾಯಿಸಿದೆ. ಇನ್ನೇನು?

ನೀರು ನೋಡಿ. ನನ್ನ ಕಥೆಯೇ ಹೇಳುತ್ತೇನೆ. ಶಿವಮೊಗ್ಗ ಜಿಲ್ಲೆಯ ನಮ್ಮೂರಲ್ಲಿ ಬಾವಿ ನೀರು. ಅಲ್ಲಿ ಅಗ್ಗದ ಸೋಪಿಗೂ ಬೆಣ್ಣೆಯಂಥ ನೊರೆ ಬರುತ್ತಿತ್ತು. ಕೆಲಸಕ್ಕೆ ಬೆಂಗಳೂರಿಗೆ ಬಂದೆ, ಹೊರವಲಯದ ಒಂದು ಫ್ಲ್ಯಾಟು, ಬರೀ ಬೋರ್‌ವೆಲ್ ನೀರು. ಅದೇ ಸೋಪು, ಅದೇ ಬ್ರಷ್, ಅದೇ ಕೈ. ನೊರೆ ಮಾತ್ರ ತೆಳ್ಳಗೆ, ಬೂದು ಬಣ್ಣಕ್ಕೆ, ಮುಖದಲ್ಲೇ ಆರಿಹೋಗುತ್ತಿತ್ತು. ಸೋಪು ನಕಲಿ ಅಂದುಕೊಂಡೆ. ಒಂದು ವರ್ಷದಲ್ಲಿ ಆರು ಥರದ ಸೋಪು ಕೊಂಡೆ. ಆಮೇಲೊಂದು ದಿನ ಅಮ್ಮ ಬಂದವರು ಕುಕ್ಕರ್ ಮುಚ್ಚಳ ತೆಗೆದು, "ಈ ನೀರಲ್ಲಿ ಬೇಳೆನೇ ಬೇಯಲ್ಲ ಕಣೋ" ಅಂದರು. ತಲೆಗೆ ಹೊಳೆದಿದ್ದು ಆಗ.

ನಮ್ಮಲ್ಲಿ ಉಪ್ಪುನೀರು, ಸಿಹಿನೀರು ಅನ್ನುತ್ತಾರೆ. ಪುಸ್ತಕದ ಭಾಷೆಯಲ್ಲಿ ಗಡಸು ನೀರು, ಮೆದು ನೀರು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಇವು ಸೋಪನ್ನು ಹಿಡಿದು ನೀರಲ್ಲಿ ಕರಗದ ಒಂದು ಜಿಡ್ಡು ಮಾಡುತ್ತವೆ. ಬಕೆಟ್ಟಿನ ಅಂಚಿಗೆ, ಬಚ್ಚಲಿನ ಟೈಲ್ಸಿಗೆ ಹತ್ತುವ ಬಿಳಿ ಕಿಟ್ಟ ಇದೆಯಲ್ಲ, ಅದರಲ್ಲಿ ಇದರ ಪಾಲು ದೊಡ್ಡದು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲ ಇಲ್ಲದ ಕಡೆ 600ರ ತನಕ ನಡೆಯುತ್ತದೆ. 300 ಮಿಲಿಗ್ರಾಂ ಗಡಸುತನದ ಒಂದು ಲೀಟರ್ ನೀರು ಹತ್ತಿರ ಹತ್ತಿರ 2 ಗ್ರಾಂ ಸೋಪನ್ನು ನುಂಗಿಬಿಡುತ್ತದೆ.

ನೊರೆಗೆ ಬಳಸೋದು ಒಂದೆರಡು ಚಮಚ ನೀರು ತಾನೇ, ಅಷ್ಟರಲ್ಲಿ ಎಷ್ಟು ಸೋಪು ಹಾಳಾದೀತು ಅಂತ ನಾನೂ ಲೆಕ್ಕ ಹಾಕಿದ್ದೆ. ಹಾಳಾಗುವುದು ಕಡಿಮೆಯೇ. ಆದರೆ ಆ ಕಿಟ್ಟದ ಸಣ್ಣ ಕಣಗಳು ಸುಮ್ನೆ ಕೂರಲ್ಲ. ಗುಳ್ಳೆಯ ಗೋಡೆಗೆ ಹೋಗಿ ಅದನ್ನೇ ಒಡೆಯುತ್ತವೆ. ಹಾಲಿಗೆ ಬಿದ್ದ ಹುಳಿಯ ಹಾಗೆ, ಇರುವುದು ಚೂರು, ಕೆಡಿಸುವುದು ಪೂರಾ.

ನಮ್ಮನೆ ನೀರು ಗಡಸಾ ಅಂತ ಮನೇಲೇ ನೋಡಬಹುದಾ?

ನೋಡಬಹುದು. ಮುಚ್ಚಳ ಇರುವ ಎರಡು ಸಣ್ಣ ಬಾಟಲಿ ತೊಗೊಳ್ಳಿ. ಒಂದಕ್ಕೆ ನಲ್ಲಿ ನೀರು, ಇನ್ನೊಂದಕ್ಕೆ ಆರ್‌ಒ ಮಶೀನಿನ ಕುಡಿಯುವ ನೀರು, ಎರಡೂ ಅರ್ಧರ್ಧ. ಎರಡಕ್ಕೂ ಒಂದೇ ಅಳತೆಯ ಸೋಪಿನ ತುರಿ ಹಾಕಿ ಅರ್ಧ ನಿಮಿಷ ಕುಲುಕಿ. ಮೆದು ನೀರಲ್ಲಿ ಮೇಲೆ ದಪ್ಪ ನೊರೆ, ಕೆಳಗೆ ಹೆಚ್ಚುಕಡಿಮೆ ತಿಳಿನೀರು. ಗಡಸು ನೀರಲ್ಲಿ ಮೇಲೆ ಚೂರು ನೊರೆ, ಕೆಳಗೆ ಮಜ್ಜಿಗೆ ನೀರಿನ ಹಾಗೆ ಮಬ್ಬು. ಶಾಂಪೂ ಹಾಕಿ ನೋಡಬೇಡಿ, ಅದು ಗಡಸು ನೀರಲ್ಲೂ ನೊರೆ ಕೊಡುತ್ತದೆ.

ಅಷ್ಟೂ ಬೇಡ ಅಂದರೆ ಗೀಸರ್ ರಿಪೇರಿಯವರನ್ನು ಕೇಳಿ. ಕಾಯಿಲಿಗೆ ಎಷ್ಟು ದಪ್ಪ ಸುಣ್ಣ ಕಟ್ಟಿತ್ತು ಅಂತ ಅವರೇ ಹೇಳುತ್ತಾರೆ.

ಗಡಸು ನೀರಿಗೆ ಪರಿಹಾರ ಏನು? ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಹಾಕಿಸಬೇಕಾ?

ಶೇವಿಂಗ್‌ಗೋಸ್ಕರ ಅಷ್ಟು ದುಡ್ಡು ಯಾಕೆ? ಒಂದು ಶೇವಿಂಗ್‌ಗೆ ಬೇಕಾದ್ದು ಒಂದು ಲೋಟ ನೀರು. ಆರ್‌ಒ ನೀರನ್ನೇ ಒಂದು ಲೋಟ ಬಿಸಿಮಾಡಿಕೊಳ್ಳಿ. ಬ್ರಷ್ ನೆನೆಸುವುದು, ನೊರೆಗೆ ಹನಿ ಹಾಕುವುದು, ಕೊನೇ ಸಲ ಮುಖ ಒದ್ದೆ ಮಾಡಿಕೊಳ್ಳುವುದು ಎಲ್ಲ ಅದರಲ್ಲೇ ಆಗಲಿ. ರೇಜರ್ ತೊಳೆಯಲು ನಲ್ಲಿ ನೀರು ಸಾಕು. ಆದರೆ ಆರ್‌ಒ ಮಶೀನಿನ ಪೈಪಿನಿಂದ ಆಚೆ ಹೋಗುವ ನೀರನ್ನು ಹಿಡಿದಿಟ್ಟು ಬಳಸಲು ಹೋಗಬೇಡಿ. ನಲ್ಲಿ ನೀರಿಗಿಂತ ಅದೇ ಗಡಸು. ನೆಲ ಒರೆಸಲು ಇಟ್ಟುಕೊಳ್ಳಿ.

ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯಾದರೆ ಅದೂ ಬೋರ್‌ವೆಲ್ ನೀರಿಗಿಂತ ಎಷ್ಟೋ ಮೇಲು. ಎರಡೂ ನೀರು ಒಂದೇ ಟ್ಯಾಂಕಿಗೆ ಬೀಳುವ ಕಟ್ಟಡಗಳಲ್ಲಿ ಮಾತ್ರ ಒಂದು ದಿನ ನೊರೆ ಚೆನ್ನಾಗಿ ಬಂದು ಮಾರನೇ ದಿನ ಕೈಕೊಡುತ್ತದೆ. ಅದು ನಿಮ್ಮ ಕೈಯ ತಪ್ಪಲ್ಲ, ಟ್ಯಾಂಕರ್ ಬಂದಿರುತ್ತದೆ.

ನೀರು ಕುದಿಸಿದರೆ ಗಡಸುತನ ಹೋಗುತ್ತಾ ಅಂತ ಕೇಳುತ್ತಾರೆ. ಅರ್ಧ ನಿಜ. ಬೈಕಾರ್ಬೊನೇಟ್ ರೂಪದಲ್ಲಿರುವ ಗಡಸುತನ ಕುದಿಸಿದಾಗ ಸುಣ್ಣವಾಗಿ ತಳಕ್ಕೆ ಕೂರುತ್ತದೆ. ಸಲ್ಫೇಟ್, ಕ್ಲೋರೈಡ್ ರೂಪದ್ದು ಎಷ್ಟು ಕುದಿಸಿದರೂ ಹೋಗಲ್ಲ.

ನಿಂಬೆರಸ ಹಿಂಡಿದರೆ?

ಸಿಟ್ರಿಕ್ ಆಮ್ಲ ಕ್ಯಾಲ್ಸಿಯಮ್ಮನ್ನು ಹಿಡಿದಿಡುತ್ತದೆ, ಹಾಗಾಗಿ ಒಂದು ಲೋಟಕ್ಕೆ ಅದರ ಪುಡಿ ಚೂರೇ ಚೂರು ಹಾಕಿದರೆ ಉಪಯೋಗ ಉಂಟು. ಜಾಸ್ತಿಯಾದರೆ ಆಮ್ಲವೇ ಸೋಪನ್ನು ಒಡೆಯುತ್ತದೆ. ನಿಂಬೆಹಣ್ಣಿನಲ್ಲಿ ಆ ಅಳತೆ ಕೈಗೆ ಸಿಗಲ್ಲ. ಪಾನಕಕ್ಕೆ ಇಟ್ಟುಕೊಳ್ಳಿ.

ಊರಲ್ಲಿ ಚೆನ್ನಾಗಿ ಬರ್ತಿದ್ದ ನೊರೆ ಲಂಡನ್‌ಗೆ ಬಂದಮೇಲೆ ಬರ್ತಿಲ್ಲ. ಚಳಿಗಾ?

ಚಳಿಗಲ್ಲ. ಲಂಡನ್ ಸುತ್ತಮುತ್ತಲಿನ ನೀರು ಸುಣ್ಣಕಲ್ಲಿನ ನೆಲದ ಮೂಲಕ ಬರುವಂಥದ್ದು, ಚೆನ್ನಾಗಿ ಗಡಸು. ಅಲ್ಲಿನ ಕೆಟಲ್ ಒಳಗೆ ಬಿಳಿ ಪದರ ಕಟ್ಟುವುದು ಅದಕ್ಕೇ. ಅದೇ ದೇಶದ ಗ್ಲಾಸ್ಗೋದಲ್ಲಿ ಲಾಕ್ ಕ್ಯಾಟ್ರಿನ್ ಸರೋವರದ ನೀರು, ತೀರಾ ಮೆದು. ಗ್ಲಾಸ್ಗೋದಲ್ಲಿರುವ ನನ್ನ ದೊಡ್ಡಪ್ಪನ ಮಗನಿಗೆ ಈ ಪುಟವೇ ಬೇಕಿಲ್ಲ.

ನೀರು ಎಷ್ಟು ಬಿಸಿ ಇರಬೇಕು?

ಮಗುವಿಗೆ ನೀರು ಹಾಕುವಷ್ಟು. ಬಿಸಿ ಜಾಸ್ತಿಯಾದಷ್ಟೂ ಸೋಪು ಬೇಗ ಕರಗುತ್ತದೆ ನಿಜ, ಆದರೆ ನೊರೆಯೊಳಗಿನ ನೀರೂ ತೆಳ್ಳಗಾಗಿ ಬೇಗ ಇಳಿಯುತ್ತದೆ, ಬೇಗ ಆವಿಯಾಗುತ್ತದೆ. ಚರ್ಮಕ್ಕೂ ಉರಿ. ಗಟ್ಟಿ ಸೋಪಿನ ಮೇಲೆ ಒಂದು ಚಮಚ ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಸೋಪು ಮೆತ್ತಗಾಗಿರುತ್ತದೆ. ನೊರೆಗೆ ಮಾತ್ರ ಉಗುರುಬೆಚ್ಚಗಿನದೇ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ತಣ್ಣೀರಲ್ಲೇ ಮಾಡಿದರೂ ಅಡ್ಡಿಯಿಲ್ಲ. ಅಲ್ಲಿ ನಲ್ಲಿಯ ತಣ್ಣೀರು ಎಲ್ಲಿ ತಣ್ಣಗಿರುತ್ತದೆ?

ಕ್ರೀಮ್ ಒಳ್ಳೇದಾ, ಗಟ್ಟಿ ಸೋಪಾ?

ಕಲಿಯುವವರಿಗೆ ಟ್ಯೂಬಿನ ಕ್ರೀಮ್. ಅದರಲ್ಲಿ ನೀರು ಆಗಲೇ ಸೇರಿರುವುದರಿಂದ ತಪ್ಪಾಗುವುದು ಕಡಿಮೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕ್ರೀಮುಗಳೇ ಸಾಕು. ಆದರೆ ಟ್ಯೂಬಿನ ಮೇಲೆ ಬ್ರಷ್ ಬೇಡದ ಕ್ರೀಮ್ ಅಂತ ಬರೆದಿದ್ದರೆ ಅದನ್ನು ಬಿಡಿ, ಅದು ನೊರೆ ಬರುವಂಥದ್ದಲ್ಲ.

ಗಟ್ಟಿ ಸೋಪು ಸ್ವಲ್ಪ ಪಳಗಿದ ಮೇಲೆ. ನಿಲ್ಲುವ ನೊರೆ, ಜಾರುವ ಗುಣ ನನಗೆ ಅದರಲ್ಲೇ ಜಾಸ್ತಿ ಕಂಡಿದೆ. ಒಂದು ಸೋಪು ತಿಂಗಳುಗಟ್ಟಲೆ ಬರುತ್ತದೆ.

ಮೈಸೋಪಲ್ಲೇ ಮಾಡಬಹುದಲ್ವಾ? ಟಿಎಫ್‌ಎಂ ಜಾಸ್ತಿ ಇರೋ ಸೋಪು ಇದೆ.

ಇದು ನಮ್ಮ ಮೈಸೂರು ಸ್ಯಾಂಡಲ್ ಅಭಿಮಾನಿಗಳ ಪ್ರಶ್ನೆ. ನಾನೂ ಅಭಿಮಾನಿಯೇ. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಂಗಳೂರಲ್ಲಿ ಹುಟ್ಟಿದ ಸರ್ಕಾರಿ ಸೋಪ್ ಕಾರ್ಖಾನೆಯ ಪರಿಮಳ ಇವತ್ತಿಗೂ ನಮ್ಮ ಬಚ್ಚಲುಮನೆಯಲ್ಲಿದೆ. ಆದರೆ ಅದು ಮೈಗೆ.

ಟಿಎಫ್‌ಎಂ ಅಂದರೆ ಸೋಪಿನಲ್ಲಿ ಕೊಬ್ಬಿನ ಅಂಶ ಒಟ್ಟು ಎಷ್ಟು ಅನ್ನುವ ಲೆಕ್ಕ. ಮೈಸೋಪಿನ ಭಾರತೀಯ ಮಾನದಂಡದಲ್ಲಿ 76 ಶೇಕಡಾ ದಾಟಿದರೆ ಮೊದಲ ದರ್ಜೆ. ಆ ಕೊಬ್ಬು ಯಾವ ಬಗೆಯದು, ಯಾವ ಕ್ಷಾರದಲ್ಲಿ ಸೋಪಾಗಿದೆ ಅಂತ ಈ ಅಂಕಿ ಹೇಳಲ್ಲ. ಶೇವಿಂಗ್‌ಗೆ ಅದೇ ಮುಖ್ಯ. ಮೈಸೋಪನ್ನು ಸೋಡಿಯಂ ಕ್ಷಾರದಲ್ಲಿ ಮಾಡುತ್ತಾರೆ, ಬಿಲ್ಲೆ ಗಟ್ಟಿಯಾಗಿ ಉಳಿಯಲಿ, ಬೇಗ ಕರಗದಿರಲಿ ಅಂತ. ಶೇವಿಂಗ್ ಸೋಪಿನಲ್ಲಿ ಪೊಟ್ಯಾಸಿಯಂ ಕ್ಷಾರವೂ ಸೇರುತ್ತದೆ. ಪೊಟ್ಯಾಸಿಯಂ ಸೋಪು ಮೆತ್ತಗೆ, ನೀರಲ್ಲಿ ಸಲೀಸಾಗಿ ಕರಗುತ್ತದೆ. ಜೊತೆಗೆ ಸ್ಟಿಯರಿಕ್ ಆಮ್ಲ ಧಾರಾಳವಾಗಿರುತ್ತದೆ. ನೊರೆಯನ್ನು ಬೆಣ್ಣೆಯ ಹಾಗೆ ದಪ್ಪ ಮಾಡಿ ನಿಲ್ಲಿಸುವುದು ಇದೇ. ಕೊಬ್ಬರಿ ಎಣ್ಣೆಯಿಂದ ಬಂದ ಸೋಪು ಬೇಗ, ಬೇಕಾದಷ್ಟು ನೊರೆ ಕೊಡುತ್ತದೆ, ಆದರೆ ಅಷ್ಟೇ ಬೇಗ ಇಳಿಯುತ್ತದೆ. ಒಳ್ಳೆ ಶೇವಿಂಗ್ ಸೋಪಿನಲ್ಲಿ ಎರಡೂ ಹದವಾಗಿ ಇರುತ್ತವೆ. ಪ್ರಯಾಣದಲ್ಲಿ ಏನೂ ಇಲ್ಲದಾಗ ಮೈಸೋಪಿನಲ್ಲಿ ಕೆಲಸ ಮುಗಿಸಬಹುದು. ಕೆನ್ನೆ ಅರ್ಧರ್ಧ ಭಾಗಕ್ಕೇ ಹಚ್ಚಿಕೊಂಡು, ಆರುವ ಮೊದಲು ಎಳೆಯಿರಿ.

ಸಸ್ಯಾಹಾರಿಗಳು ಕೇಳುವುದಕ್ಕೆ ಮುಂಚೆ ಹೇಳಿಬಿಡುತ್ತೇನೆ. ಸಾಮಗ್ರಿಗಳ ಪಟ್ಟಿಯಲ್ಲಿ ಟ್ಯಾಲೋ, ಟ್ಯಾಲೋವೇಟ್ ಅಂತ ಇದ್ದರೆ ಅದು ಪ್ರಾಣಿಯ ಕೊಬ್ಬು. ಪಾಮ್, ಕೊಕೊನಟ್ ಹೆಸರಿನ ಮಾತುಗಳಿದ್ದರೆ ಗಿಡಮೂಲದ್ದು. ಸ್ಟಿಯರಿಕ್ ಆಮ್ಲ ಎರಡರಿಂದಲೂ ಬರಬಹುದು, ಅನುಮಾನವಿದ್ದರೆ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿ.

ಯಾವ ಬ್ರಷ್ ತೊಗೊಳ್ಳಲಿ?

ಸಿಂಥೆಟಿಕ್. ಮೂರು ಕಾರಣ. ನೆನೆಸಬೇಕಿಲ್ಲ, ಬೇಗ ಒಣಗುತ್ತದೆ, ಕಡಿಮೆ ಸೋಪಲ್ಲಿ ನೊರೆ ಕೊಡುತ್ತದೆ. ಹಂದಿಕೂದಲಿನ ಬ್ರಷ್ ಶುರುವಿನಲ್ಲಿ ಪೊರಕೆಯ ಹಾಗೆ ಚುಚ್ಚುತ್ತದೆ. ಹತ್ತಿಪ್ಪತ್ತು ಶೇವಿಂಗ್ ಆಗುವಷ್ಟರಲ್ಲಿ ಕೂದಲ ತುದಿ ಸೀಳಿ ಮೆತ್ತಗಾಗುತ್ತದೆ, ಆಮೇಲೆ ಅದರಂಥದ್ದಿಲ್ಲ ಅನ್ನುವವರಿದ್ದಾರೆ. ಪ್ರತಿಸಲ ಐದು ನಿಮಿಷ ನೀರಲ್ಲಿ ನೆನೆಸಬೇಕು. ಬ್ಯಾಜರ್ ಅನ್ನುವ ಪ್ರಾಣಿಯ ಕೂದಲಿನದು ನೀರು ಚೆನ್ನಾಗಿ ಹಿಡಿಯುತ್ತದೆ, ಬೆಲೆಯೂ ಚೆನ್ನಾಗಿಯೇ ಇರುತ್ತದೆ. ಹಂದಿಕೂದಲನ್ನು ಮುಖಕ್ಕೆ ತಾಗಿಸಲು ಮನೆಯಲ್ಲಿ ಒಪ್ಪಲ್ಲ ಅನ್ನುವವರು ಬಹಳ ಮಂದಿ. ಅವರಿಗೂ ಉತ್ತರ ಸಿಂಥೆಟಿಕ್ಕೇ.

ಅಂಗಡಿಯ ಮೂಲೆಯಲ್ಲಿ ತೂಗುಹಾಕಿರುವ, ನಾಲ್ಕು ಸಲ ಬಳಸಿದರೆ ಕೂದಲು ಉದುರುವ ತೆಳ್ಳನೆಯ ಬ್ರಷ್ ಮಾತ್ರ ಬೇಡ. ಕೂದಲು ಒತ್ತಾಗಿರಬೇಕು.

ಬಟ್ಟಲು ಎಂಥದ್ದಿರಬೇಕು?

ತಳ ಸ್ವಲ್ಪ ಒರಟಾಗಿದ್ದರೆ ಒಳ್ಳೆಯದು. ಅಂಗೈಯಲ್ಲಿ ಕೂರುವ ಪಿಂಗಾಣಿ ಬಟ್ಟಲು ಚೆನ್ನ. ಸ್ಟೀಲ್ ಬಟ್ಟಲು ಜಾರುತ್ತದೆ, ಬೇಗ ತಣ್ಣಗಾಗುತ್ತದೆ, ಆದರೆ ನಡೆಯುತ್ತದೆ. ನಾನೊಮ್ಮೆ ಶೋಕಿಗೆ ಮೊಸರಿನ ಮಣ್ಣಿನ ಕುಡಿಕೆ ಬಳಸಿದೆ. ನೊರೆಯ ನೀರನ್ನೆಲ್ಲ ಕುಡಿಕೆಯೇ ಕುಡಿಯಿತು. ಇನ್ನೊಂದು ಮಾತು, ಅಡುಗೆಮನೆಯಿಂದ ಬಟ್ಟಲು ಎತ್ತಿಕೊಂಡು ಬಂದರೆ ಜಿಡ್ಡು ಹೋಗುವ ಹಾಗೆ ತೊಳೆಯಿರಿ. ತುಪ್ಪದ ಪಸೆ ಚೂರು ಉಳಿದರೂ ನೊರೆ ಕೂರಲ್ಲ.

ಬಟ್ಟಲೇ ಬೇಡ, ನೇರ ಮುಖದ ಮೇಲೇ ನೊರೆ ಎಬ್ಬಿಸುತ್ತೇನೆ ಅನ್ನುವವರಿಗೆ ನನ್ನ ಓಟು. ಈಗ ನಾನು ಮಾಡುವುದು ಹಾಗೇ. ಕೂದಲ ಬುಡಕ್ಕೆ ನೊರೆ ಹೋಗುತ್ತದೆ, ನೀರು ಎಷ್ಟು ಬೇಕು ಅನ್ನುವುದು ಚರ್ಮಕ್ಕೇ ಗೊತ್ತಾಗುತ್ತದೆ. ಆದರೆ ಮೊದಲ ಒಂದು ತಿಂಗಳು ಬಟ್ಟಲಲ್ಲಿ ಮಾಡಿ. ಏನು ನಡೆಯುತ್ತಿದೆ ಅಂತ ಕಣ್ಣಿಗೆ ಕಾಣಬೇಕಲ್ಲ. ಮೊಡವೆ ಜಾಸ್ತಿ ಇರುವವರು ಬಟ್ಟಲನ್ನೇ ಮುಂದುವರಿಸುವುದು ಕ್ಷೇಮ, ಬ್ರಷ್ ಉಜ್ಜಿ ಕೆರಳಿಸುವುದು ಬೇಡ.

ಶೇವಿಂಗ್‌ಗೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಬಹುದಾ?

ಎರಡು ಹನಿ, ಅಂಗೈಯಲ್ಲಿ ತಿಕ್ಕಿ, ಒದ್ದೆ ಗಡ್ಡಕ್ಕೆ ಒತ್ತಿಕೊಳ್ಳಿ. ಅದಕ್ಕಿಂತ ಜಾಸ್ತಿ ಬೇಡ, ಎಣ್ಣೆ ನೊರೆಯ ಶತ್ರು. ದೀಪಾವಳಿಯ ಎಣ್ಣೆಸ್ನಾನದ ದಿನ ನನ್ನ ನೊರೆ ಯಾವತ್ತೂ ಸರಿಯಾಗಿ ಬಂದಿದ್ದಿಲ್ಲ.

ಗ್ಲಿಸರಿನ್ ಹಾಕಿದರೆ ನೊರೆ ಜಾಸ್ತಿ ಹೊತ್ತು ನಿಲ್ಲುತ್ತಂತೆ, ಹೌದಾ?

ಹೌದು. ಗ್ಲಿಸರಿನ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೆಡಿಕಲ್ ಶಾಪಿನಲ್ಲಿ ಸಣ್ಣ ಬಾಟಲಿ ಸಿಗುತ್ತದೆ. ಬಟ್ಟಲಿಗೆ ಎರಡು ಮೂರು ಹನಿ ಸಾಕು. ಒಣಹವೆಯ ಊರುಗಳಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಸೋಪು ಸಾಲದ ನೊರೆಯನ್ನು ಗ್ಲಿಸರಿನ್ ಉಳಿಸಲ್ಲ, ಅದು ನೆನಪಿರಲಿ.

ಫ್ಯಾನ್ ಹಾಕಿಕೊಂಡು ಶೇವ್ ಮಾಡ್ತೀನಿ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಆಫ್ ಮಾಡಿ. ನಡುಮನೆಯ ಕಿಟಕಿಗೆ ಕನ್ನಡಿ ನೇತುಹಾಕಿ, ತಲೆ ಮೇಲೆ ಫ್ಯಾನ್ ತಿರುಗುತ್ತಿದ್ದರೆ ನೊರೆ ಮೂರೇ ನಿಮಿಷಕ್ಕೆ ಹಪ್ಪಳವಾಗುತ್ತದೆ. ನಮ್ಮಪ್ಪ ಬೇಸಿಗೆಯಲ್ಲಿ ಕೊಟ್ಟಿಗೆಯ ಜಗಲಿಯಲ್ಲಿ, ಗಾಳಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಬೆಳಕಿಗೆ ಅಂದುಕೊಂಡಿದ್ದೆ.

ಸಲೂನಿನಲ್ಲಿ ಬರುವ ನೊರೆ ಮನೇಲಿ ಯಾಕೆ ಬರಲ್ಲ?

ಮುಂದಿನ ಸಲ ಹೋದಾಗ ಕಣ್ಣು ಮುಚ್ಚಿ ನಿದ್ದೆ ಮಾಡಬೇಡಿ, ಗಮನಿಸಿ. ಮೊದಲು ನೀರಿನ ಸ್ಪ್ರೇ, ಕೈಯಲ್ಲಿ ತಿಕ್ಕು. ಆಮೇಲೆ ಕ್ರೀಮನ್ನು ನೇರ ಮುಖಕ್ಕೇ ಚುಕ್ಕೆ ಚುಕ್ಕೆ ಇಟ್ಟು, ಬ್ರಷ್ ಆಡಿಸುತ್ತಾರೆ. ನಡುನಡುವೆ ಬ್ರಷ್ಷಿನ ತುದಿಯನ್ನಷ್ಟೇ ನೀರಿಗೆ ಮುಟ್ಟಿಸುತ್ತಾರೆ, ಅದ್ದುವುದಿಲ್ಲ. ಪಕ್ಕದ ಕುರ್ಚಿಯವರ ಜೊತೆ ರಾಜಕೀಯ ಮಾತಾಡುತ್ತಲೇ ಎರಡು ಮೂರು ನಿಮಿಷ ಬ್ರಷ್ ತಿರುಗುತ್ತಲೇ ಇರುತ್ತದೆ. ಒಂದು ಸಲ ಎಳೆದ ಮೇಲೆ ಮತ್ತೆ ಪೂರ್ತಿ ನೊರೆ ಹಚ್ಚುತ್ತಾರೆ. ಮನೆಯಲ್ಲಿ ನಾವು ಇಪ್ಪತ್ತು ಸೆಕೆಂಡಿಗೇ ಬ್ರಷ್ ಇಟ್ಟು ರೇಜರ್ ಎತ್ತುತ್ತೇವೆ. ಗುಟ್ಟು ಅಷ್ಟೇ.

ಸಲೂನಿನಲ್ಲಿ ಹೊಸ ಬ್ಲೇಡ್ ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ಹೆಪಟೈಟಿಸ್ ಬಿ, ಸಿ ಥರದ್ದು ಬಳಸಿದ ಬ್ಲೇಡಿನಿಂದ ಹರಡಬಹುದು.

ಎರಡನೇ ಸಲ ಎಳೆಯೋಕೆ ಮತ್ತೆ ನೊರೆ ಹಚ್ಚಲೇಬೇಕಾ?

ಬೇಕು. ಒಣ ಚರ್ಮದ ಮೇಲೆ ಸುಮ್ನೆ ಒಂದು ಸಲ ಅಂತ ಎಳೆದದ್ದೇ ಉರಿಯ ಮೂಲ. ಮುಖ ಒದ್ದೆ ಮಾಡಿ, ಬ್ರಷ್ಷಿನಲ್ಲಿ ಉಳಿದದ್ದನ್ನು ಹಚ್ಚಿ. ಮೊದಲು ಹಾಕಿದ ಸೋಪು ಸರಿಯಾಗಿದ್ದರೆ ಮೂರು ಸಲಕ್ಕೂ ಬರುತ್ತದೆ. ಬ್ರಷ್ಷಿನಲ್ಲಿದ್ದದ್ದು ಗಟ್ಟಿಯಾಗಿದ್ದರೆ ತುದಿಗೆ ಎರಡು ಹನಿ ನೀರು ಮುಟ್ಟಿಸಿ.

ನೊರೆ ಚೆನ್ನಾಗಿದ್ದರೂ ಮುಖ ಉರಿಯುತ್ತೆ.

ಹಾಗಾದರೆ ತಪ್ಪು ನೊರೆಯದಲ್ಲದೆ ಇರಬಹುದು. ಬ್ಲೇಡ್ ಹಳೆಯದಾ, ಕೈ ಒತ್ತುತ್ತಿದೆಯಾ, ಕೂದಲಿಗೆ ಎದುರಾಗಿ ಎಳೆಯುತ್ತಿದ್ದೀರಾ ನೋಡಿ. ಹಚ್ಚಿದ ಕೂಡಲೇ, ಬ್ಲೇಡ್ ಮುಟ್ಟುವ ಮೊದಲೇ ಉರಿದರೆ ಸೋಪಿನ ಪರಿಮಳವೋ ಮೆಂಥಾಲೋ ನಿಮಗೆ ಒಗ್ಗುತ್ತಿಲ್ಲ. ಬೇರೆ ತೊಗೊಳ್ಳಿ. ಕೊನೆಯಲ್ಲಿ ಪಟಿಕದ ಕಲ್ಲು ಸವರಿದಾಗ ಚುರ್ ಅನ್ನುವುದು ಸಹಜ, ಎಲ್ಲೆಲ್ಲಿ ಜಾಸ್ತಿ ಕೆರೆದಿದ್ದೀರಿ ಅಂತ ಅದೇ ಹೇಳುತ್ತದೆ.

ಡಬ್ಬಿ ನೊರೆ ಇರುವಾಗ ಇಷ್ಟೆಲ್ಲ ಯಾಕೆ?

ಅವಸರದ ದಿನ ನಾನೂ ಒತ್ತುತ್ತೇನೆ. ಆದರೆ ಡಬ್ಬಿಯದು ಗ್ಯಾಸಿನ ಒತ್ತಡಕ್ಕೆ ಉಬ್ಬಿದ್ದು, ನೀರಿನ ಹದ ನಿಮ್ಮ ಕೈಯಲ್ಲಿಲ್ಲ. ಬ್ರಷ್ ಕೂದಲನ್ನು ಎತ್ತಿ ಬುಡಕ್ಕೆ ನೊರೆ ತುಂಬುವ ಕೆಲಸವೂ ಆಗಲ್ಲ.

ಬ್ರಷ್ಷನ್ನು ಹೇಗೆ ಇಟ್ಟುಕೊಳ್ಳಬೇಕು? ಮಳೆಗಾಲದಲ್ಲಿ ಒಣಗೋದೇ ಇಲ್ಲ.

ಸೋಪು ಪೂರ್ತಿ ಹೋಗುವ ತನಕ ತೊಳೆದು, ಜೋರಾಗಿ ಕೊಡವಿ, ಒಣ ಟವೆಲಿನ ಮೇಲೆ ನಾಲ್ಕು ಸಲ ಆಡಿಸಿ. ನಿಲ್ಲಿಸಿ ಇಡಿ ಅಥವಾ ತೂಗುಹಾಕಿ, ಎರಡೂ ಒಂದೇ. ಮುಚ್ಚಿದ ಡಬ್ಬಿಯಲ್ಲಿ ಮಾತ್ರ ಬೇಡ. ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಚ್ಚಲುಮನೆಯಲ್ಲಿ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಒಳಗಿನ ಕೋಣೆಯ ಕಿಟಕಿಗೆ ತನ್ನಿ. ನಮ್ಮೂರಲ್ಲಿ ಬಚ್ಚಲ ಒಲೆಯ ಹತ್ತಿರದ ಗೂಡೇ ಅದರ ಜಾಗ.

ಗಡಸು ನೀರಿನ ಮನೆಯಲ್ಲಿ ಕೆಲವು ತಿಂಗಳಿಗೆ ಬ್ರಷ್ಷಿನ ಬುಡಕ್ಕೆ ಕಿಟ್ಟ ಕಟ್ಟುತ್ತದೆ. ಹತ್ತು ಪಾಲು ನೀರಿಗೆ ಒಂದು ಪಾಲು ಬಿಳಿ ವಿನೆಗರ್ ಬೆರೆಸಿ, ಕೂದಲನ್ನಷ್ಟೇ ಐದು ನಿಮಿಷ ಅದ್ದಿ ತೊಳೆಯಿರಿ. ಹಿಡಿ ಮುಳುಗಿಸಬೇಡಿ, ಅಂಟು ಬಿಡುತ್ತದೆ.

ಅಪ್ಪನದೋ ಅಜ್ಜನದೋ ಹಳೇ ಬ್ರಷ್ ಸಿಕ್ಕಿದೆ. ಬಳಸಬಹುದಾ?

ಹಿಡಿ ಚೆನ್ನಾಗಿದ್ದರೆ ಅದನ್ನು ಉಳಿಸಿಕೊಂಡು ಕೂದಲಿನ ಗಂಟನ್ನು ಹೊಸದು ಹಾಕಿಸುವುದು ಒಳ್ಳೆಯದು. ಬರೀ ಭಯಕ್ಕೆ ಹೇಳುತ್ತಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್, ಅಮೆರಿಕಗಳಲ್ಲಿ ಸೋಂಕಿದ ಪ್ರಾಣಿಕೂದಲಿನ ಶೇವಿಂಗ್ ಬ್ರಷ್‌ಗಳಿಂದ ಜನರಿಗೆ ಆಂಥ್ರಾಕ್ಸ್ ಅನ್ನುವ ಮಾರಕ ರೋಗ ಬಂದಿತ್ತು. ಎಪ್ಪತ್ತು ಎಂಬತ್ತರ ದಶಕದ ಬ್ರಷ್ಷಿಗೆ ಆ ಹೆದರಿಕೆ ಇಲ್ಲ, ಆದರೆ ಕೂದಲು ಆಗಲೇ ಜೀವ ಕಳೆದುಕೊಂಡಿರುತ್ತದೆ, ಎರಡು ಸಲ ತಿರುಗಿಸಿದರೆ ಕೈಗೆ ಬರುತ್ತದೆ.

ನಮ್ಮಪ್ಪನದು ಕೆಂಪು ಪ್ಲಾಸ್ಟಿಕ್ ಹಿಡಿ, ಒಂದು ಕಡೆ ಹಲ್ಲಿನಲ್ಲಿ ಕಚ್ಚಿದಂಥ ಗುರುತು. ಅದು ನಾನೇ ಚಿಕ್ಕವನಿದ್ದಾಗ ಕಚ್ಚಿದ್ದಂತೆ. ಹಳೇ ಕೂದಲು ಕಿತ್ತು, ಒಳಗಿನ ಅಂಟು ಕೆರೆದು, ಸಿಂಥೆಟಿಕ್ ಗಂಟು ಅಂಟಿಸಿದೆ. ಈಗ ದಿನಾ ಬಳಸುವುದು ಅದನ್ನೇ, ಒಂದು ಲೋಟ ಆರ್‌ಒ ನೀರಿನ ಜೊತೆ.